ಟಾಮ್‌ಕ್ಯಾಟ್ ಮುಂದೆ ಇನ್ನೊಂದು ಸರ್ವರ್ ಬೇಕೇ? ಫಲಿತಾಂಶದ ದಿನ ನಿಂತುಹೋದ ಒಂದು ಪೋರ್ಟಲ್‌ನ ಪ್ರಕರಣ

ಇದು ನಮ್ಮ ರಾಜ್ಯದ ಒಂದು ಸ್ವಾಯತ್ತ ಕಾಲೇಜಿನ ಪ್ರಕರಣ. ಯಾವ ಊರು, ಯಾವ ಸಂಸ್ಥೆ, ಸಾಫ್ಟ್‌ವೇರ್ ಮಾಡಿಕೊಟ್ಟವರು ಯಾರು ಎಂಬುದು ತಿಳಿಯಬಾರದೆಂದು ಕೆಲವು ಹೊರ ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಭಾಗವನ್ನು ಮಾತ್ರ ಇದ್ದದ್ದು ಇದ್ದಹಾಗೆ ಬರೆದಿದ್ದೇನೆ. ಟಾಮ್‌ಕ್ಯಾಟ್‌ನಂಥ ಅಪ್ಲಿಕೇಶನ್ ಸರ್ವರ್ (ಜಾವಾ ಪ್ರೋಗ್ರಾಂ ಓಡಿಸಿ ಉತ್ತರ ಕೊಡುವ ತಂತ್ರಾಂಶ) ಮುಂದೆ, ಬ್ರೌಸರ್‌ಗಳ ವಿನಂತಿಯನ್ನು ಮೊದಲು ಸ್ವೀಕರಿಸುವ ಬೇರೆ ವೆಬ್ ಸರ್ವರ್ ಇಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ "ಎಲ್ಲರೂ ಇಡುತ್ತಾರೆ" ಅಥವಾ "ಈಗ ಅದೆಲ್ಲ ಬೇಕಿಲ್ಲ" ಎನ್ನುವಷ್ಟಕ್ಕೇ ನಿಲ್ಲುತ್ತವೆ. ಇಲ್ಲಿ ಆ ತೀರ್ಮಾನ ಹೇಗೆ ಆಯಿತು, ಯಾವ ಸಾಕ್ಷ್ಯದ ಮೇಲೆ ಆಯಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಲು ಸಾಧ್ಯವಿದೆ.

ಮೊದಲು ಇದ್ದ ವ್ಯವಸ್ಥೆ

ಕಾಲೇಜಿನಲ್ಲಿ ಕೆಲವು ಸಾವಿರ ವಿದ್ಯಾರ್ಥಿಗಳು. ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ, ಅಂಕಪಟ್ಟಿ, ಮರುಮೌಲ್ಯಮಾಪನದ ಅರ್ಜಿ ಎಲ್ಲಕ್ಕೂ ಒಂದೇ ಪೋರ್ಟಲ್. ಸ್ಪ್ರಿಂಗ್ ಬೂಟ್ 2 ಎಂಬ ಜಾವಾ ಚೌಕಟ್ಟಿನಲ್ಲಿ ಬರೆದ ಅಪ್ಲಿಕೇಶನ್, ಅದರೊಳಗೇ ಸೇರಿಕೊಂಡ ಟಾಮ್‌ಕ್ಯಾಟ್ 9. ಬಾಡಿಗೆಯ ವರ್ಚುವಲ್ ಯಂತ್ರವೊಂದರಲ್ಲಿ ಅದರ ಜಾರ್ ಫೈಲ್ (ಜಾವಾ ಪ್ರೋಗ್ರಾಂನ ಕಟ್ಟು) ಓಡುತ್ತಿತ್ತು, ಮೈಎಸ್‌ಕ್ಯೂಎಲ್ ಡೇಟಾಬೇಸ್ ಇನ್ನೊಂದು ಯಂತ್ರದಲ್ಲಿತ್ತು. ಎಚ್‌ಟಿಟಿಪಿಎಸ್ ಕೆಲಸವನ್ನೂ ಟಾಮ್‌ಕ್ಯಾಟೇ ನೋಡಿಕೊಳ್ಳುತ್ತಿತ್ತು. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ (ಸಂಪರ್ಕ ಬರುವ ಬಾಗಿಲಿನ ಸಂಖ್ಯೆ) ಹಿಡಿಯಲು ವಿಶೇಷ ಅನುಮತಿ ಬೇಕಾಗುತ್ತದೆ. ಅದಕ್ಕೆಂದು ಎಚ್‌ಟಿಟಿಪಿಎಸ್‌ನ 443ಕ್ಕೆ ಬಂದದ್ದನ್ನು 8443ಕ್ಕೆ ತಿರುಗಿಸುವ ಒಂದು ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ನಿಯಮ ಹಾಕಿದ್ದರು. ಅಲ್ಲಿಗೆ ಮುಗಿಯಿತು, ಮುಂದೆ ಬೇರೇನೂ ಇರಲಿಲ್ಲ.

ಈ ಜೋಡಣೆಯಲ್ಲಿ ತಪ್ಪಿತ್ತು ಎಂದು ನಾನು ಹೇಳುವುದಿಲ್ಲ. ಒಂದು ಪ್ರೋಗ್ರಾಂ, ಒಂದು ಲಾಗ್, ಒಂದು ಕಡೆ ಸೆಟ್ಟಿಂಗ್. ಕಾಲೇಜಿನಲ್ಲಿದ್ದದ್ದು ಒಬ್ಬನೇ ಸಿಸ್ಟಮ್ ಅಡ್ಮಿನ್. ಪ್ರಿಂಟರ್ ಕೆಟ್ಟರೂ ಅವನೇ, ಲ್ಯಾಬಿನ ನೆಟ್‌ವರ್ಕ್ ಹೋದರೂ ಅವನೇ. ಅಂಥ ಜಾಗದಲ್ಲಿ ಸರಳತೆಗೆ ದೊಡ್ಡ ಬೆಲೆ ಇದೆ. ವರ್ಷದ ಬಹುಪಾಲು ದಿನ ಪೋರ್ಟಲ್ ತೊಂದರೆ ಕೊಟ್ಟಿದ್ದೂ ಇಲ್ಲ.

ಫಲಿತಾಂಶದ ಸಂಜೆ

ಸಂಜೆ ನಾಲ್ಕಕ್ಕೆ ಫಲಿತಾಂಶ ಎಂದು ಪ್ರಕಟಣೆ ಹೋಗಿತ್ತು. ನಾಲ್ಕೂಕಾಲಿನ ಹೊತ್ತಿಗೆ ಲಾಗಿನ್ ಪುಟವೇ ತೆರೆಯದಾಯಿತು. ದೋಷದ ಸಂದೇಶ ಬರುತ್ತಿರಲಿಲ್ಲ, ಬ್ರೌಸರ್ ಸುಮ್ಮನೆ ಸುತ್ತುತ್ತಿತ್ತು. ಅದಕ್ಕೂ ಕಾರಣವಿದೆ. ಟಾಮ್‌ಕ್ಯಾಟ್ ತಾನಾಗಿಯೇ 8192 ಸಂಪರ್ಕಗಳವರೆಗೆ ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಏಕಕಾಲಕ್ಕೆ ಕೆಲಸ ಮಾಡುವ ಥ್ರೆಡ್‌ಗಳು (ಒಂದೊಂದು ವಿನಂತಿಯನ್ನು ನೋಡಿಕೊಳ್ಳುವ ಕೆಲಸಗಾರರು) 200 ಮಾತ್ರ. ಆ 200 ಎಲ್ಲೋ ಸಿಕ್ಕಿಕೊಂಡರೆ ಬಂದವರನ್ನೆಲ್ಲ ಒಳಗೆ ಕೂರಿಸಿ ಯಾರನ್ನೂ ಮಾತಾಡಿಸದ ಸ್ಥಿತಿ ಬರುತ್ತದೆ.

ವಿಚಿತ್ರವೆಂದರೆ ಯಂತ್ರ ಆಯಾಸಪಟ್ಟಿರಲಿಲ್ಲ. ಸಿಪಿಯು ಬಹುಪಾಲು ಖಾಲಿ, ಮೆಮೊರಿ ಧಾರಾಳ. ಲಾಗ್‌ನಲ್ಲಿ ಮಾತ್ರ ಒಂದೇ ದೂರು ಮತ್ತೆ ಮತ್ತೆ: ಡೇಟಾಬೇಸ್ ಕನೆಕ್ಷನ್ ಸಿಗಲಿಲ್ಲ, 30,000 ಮಿಲಿಸೆಕೆಂಡ್ ಕಾದು ಕೈಬಿಡಲಾಯಿತು. ಅದು ಹಿಕಾರಿ ಎಂಬ ಕನೆಕ್ಷನ್ ಪೂಲ್‌ನ, ಅಂದರೆ ಡೇಟಾಬೇಸ್‌ಗೆ ತೆರೆದಿಟ್ಟ ಸಂಪರ್ಕಗಳನ್ನು ಹಂಚಿಕೊಡುವ ಭಾಗದ ಮಾತು. ಅದರ ಸಹಜ ಮಿತಿ 10 ಕನೆಕ್ಷನ್, ಕಾಯುವ ಸಮಯ 30 ಸೆಕೆಂಡ್. ಇವೆರಡನ್ನೂ ಯಾರೂ ಬದಲಿಸಿರಲಿಲ್ಲ.

ರೀಸ್ಟಾರ್ಟ್ ಮಾಡಿದರೆ ಐದಾರು ನಿಮಿಷ ಸರಿ, ಮತ್ತೆ ಅದೇ ಕಥೆ. ಆ ಗಲಾಟೆಯ ನಡುವೆ ಸಿಸ್ಟಮ್ ಅಡ್ಮಿನ್ ಒಂದು ಕೆಲಸ ಮಾಡಿದ್ದ. ಮೊದಲ ರೀಸ್ಟಾರ್ಟ್‌ಗೆ ಮುಂಚೆ ಜೆಸ್ಟ್ಯಾಕ್ ಎಂಬ ಜಾವಾ ಸಾಧನ ಓಡಿಸಿ, ಎಲ್ಲ ಥ್ರೆಡ್‌ಗಳೂ ಆ ಕ್ಷಣದಲ್ಲಿ ಎಲ್ಲಿ ನಿಂತಿವೆ ಎಂಬ ಡಂಪನ್ನು ಒಂದು ಫೈಲಿಗೆ ಹಾಕಿಟ್ಟಿದ್ದ. ಫೋನಿನ ಮೇಲೆ ಫೋನ್ ಬರುತ್ತಿರುವಾಗ ಆ ಅರ್ಧ ನಿಮಿಷ ತಡೆದುಕೊಳ್ಳುವುದು ಸುಲಭವಲ್ಲ. ಮುಂದೆ ಇಡೀ ವಿಷಯ ಬಗೆಹರಿದದ್ದು ಆ ಫೈಲಿನಿಂದಲೇ.

ಪೂಲ್ ಹಿಗ್ಗಿಸಿದ್ದು

ಸಾಫ್ಟ್‌ವೇರ್ ಕಂಪನಿಯ ಹಿರಿಯ ಡೆವಲಪರ್ ಡಂಪಿನ ಮೊದಲ ಭಾಗ ನೋಡಿದರು. ಥ್ರೆಡ್ ಮೇಲೆ ಥ್ರೆಡ್ ಕನೆಕ್ಷನ್‌ಗಾಗಿ ಕಾಯುತ್ತಿತ್ತು. ಲಾಗ್ ಹೇಳಿದ್ದೂ ಅದನ್ನೇ. ಹಾಗಾಗಿ ಪೂಲನ್ನು 10ರಿಂದ 50ಕ್ಕೆ, ಥ್ರೆಡ್‌ಗಳನ್ನು 200ರಿಂದ 400ಕ್ಕೆ ಏರಿಸಿದರು. ಮೈಎಸ್‌ಕ್ಯೂಎಲ್ ತಾನಾಗಿ 151 ಕನೆಕ್ಷನ್‌ಗಳವರೆಗೆ ಕೊಡುತ್ತದೆ, ಆದ್ದರಿಂದ ಆ ಕಡೆ ಅಡ್ಡಿ ಇರಲಿಲ್ಲ. ನಂತರ ಬಂದ ಪೂರಕ ಪರೀಕ್ಷೆಯ ಫಲಿತಾಂಶ ಸಲೀಸಾಗಿ ಹೋಯಿತು, ಎಲ್ಲರೂ ಸಮಸ್ಯೆ ಮುಗಿಯಿತು ಎಂದುಕೊಂಡರು. ಪೂರಕ ಪರೀಕ್ಷೆಗೆ ಕೂತವರೇ ಕಡಿಮೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಮುಂದಿನ ಸೆಮಿಸ್ಟರ್ ಫಲಿತಾಂಶದ ದಿನ ಪೋರ್ಟಲ್ ಸ್ವಲ್ಪ ಹೆಚ್ಚು ಹೊತ್ತು ತಡೆದು, ಮತ್ತೆ ಅದೇ ರೀತಿ ನಿಂತಿತು.

ಆಗ ಸಭೆ ಸೇರಿತು. ಹೊರಗಿನವನಾಗಿ ನನ್ನನ್ನು ಕರೆದದ್ದು ಆ ಸಭೆಗೆ, ಪ್ರಶ್ನೆಯನ್ನೂ ಮೊದಲೇ ಬರೆದಿಟ್ಟಿದ್ದರು: ಮುಂದೊಂದು ವೆಬ್ ಸರ್ವರ್ ಹಾಕಬೇಕೋ, ಬೇಡವೋ?

ಮೂರು ವಾದಗಳು

ಹೋಸ್ಟಿಂಗ್ ಕಡೆಯ ಎಂಜಿನಿಯರ್ ಅವರದು ಹಳೆಯ ಸಂಪ್ರದಾಯದ ವಾದ. ಟಾಮ್‌ಕ್ಯಾಟನ್ನು ನೇರವಾಗಿ ಹೊರಗಿಡುವ ಪದ್ಧತಿಯೇ ಇಲ್ಲ, ಮುಂದೆ ಅಪಾಚೆ ವೆಬ್ ಸರ್ವರ್ ಹಾಕಿ, ಎರಡರ ನಡುವಿನ ಮಾತಿಗೆ ಇರುವ ಎಜೆಪಿ ಎಂಬ ಪ್ರೋಟೊಕಾಲ್ ಮೂಲಕ ಜೋಡಿಸಿ ಎಂದರು. ಈ ಸಲಹೆ ಒಂದು ಕಾಲಕ್ಕೆ ನೂರಕ್ಕೆ ನೂರು ಸರಿಯಾಗಿತ್ತು. ಟಾಮ್‌ಕ್ಯಾಟ್‌ನ ಹಳೆಯ ಕನೆಕ್ಟರ್ (ಸಂಪರ್ಕ ಸ್ವೀಕರಿಸುವ ಭಾಗ) ಪ್ರತಿ ಸಂಪರ್ಕಕ್ಕೂ ಒಂದು ಥ್ರೆಡ್ ಮೀಸಲಿಡುತ್ತಿತ್ತು, ಬ್ರೌಸರ್ ಏನೂ ಕೇಳದೆ ಸಂಪರ್ಕ ತೆರೆದಿಟ್ಟುಕೊಂಡಿದ್ದರೂ ಥ್ರೆಡ್ ಬಿಡುಗಡೆಯಾಗುತ್ತಿರಲಿಲ್ಲ. ಆವೃತ್ತಿ 8ರಿಂದ ಹೊಸ ಬಗೆಯ ಕನೆಕ್ಟರ್ ಸಹಜ ಆಯ್ಕೆಯಾಯಿತು, 8.5ರಲ್ಲಿ ಹಳೆಯದನ್ನು ತೆಗೆದೇಹಾಕಿದರು. ಈಗ ಸುಮ್ಮನಿರುವ ಸಂಪರ್ಕ ಥ್ರೆಡ್ ತಿನ್ನುವುದಿಲ್ಲ. ಹಾಗಾಗಿ ಆ ಹಳೆಯ ಕಾರಣ ಇಲ್ಲಿ ಅನ್ವಯಿಸುತ್ತಿರಲಿಲ್ಲ. ಎಜೆಪಿ ಬಗ್ಗೆಯಂತೂ ನಾನು ಖಡಾಖಂಡಿತವಾಗಿ ಬೇಡ ಎಂದೆ. 2020ರಲ್ಲಿ ಘೋಸ್ಟ್‌ಕ್ಯಾಟ್ ಎಂಬ ದೋಷ ಬಯಲಾದಾಗ, ಹೊರಗೆ ತೆರೆದಿಟ್ಟ ಎಜೆಪಿಯ 8009 ಪೋರ್ಟಿನ ಮೂಲಕ ಅಪ್ಲಿಕೇಶನ್ನಿನ ಒಳಗಿನ ಫೈಲ್‌ಗಳನ್ನು ಓದಲು ಸಾಧ್ಯವಿತ್ತು. ಆ ತಿದ್ದುಪಡಿಯ ಬಳಿಕ ಟಾಮ್‌ಕ್ಯಾಟ್‌ನವರೇ ಎಜೆಪಿಯನ್ನು ತಾನಾಗಿ ಚಾಲೂ ಆಗದಂತೆ ಮಾಡಿದರು. ಸಾಮಾನ್ಯ ಎಚ್‌ಟಿಟಿಪಿ ಪ್ರಾಕ್ಸಿ (ವಿನಂತಿಯನ್ನು ಹಿಂದಕ್ಕೆ ದಾಟಿಸುವ ಮಧ್ಯವರ್ತಿ) ಸಾಕಾಗುವಾಗ ಆ ಬಾಗಿಲನ್ನು ಹೊಸದಾಗಿ ತೆರೆಯುವ ಅಗತ್ಯ ನನಗೆ ಕಾಣಲಿಲ್ಲ.

ಡೆವಲಪರ್ ವಾದ ಇದಕ್ಕೆ ವಿರುದ್ಧ. "ಸರ್, ಮುಂದೆ ಇನ್ನೊಂದು ಪದರ ಅಂದ್ರೆ ಕೆಡೋದಕ್ಕೆ ಇನ್ನೊಂದು ಜಾಗ. ಈ ಹುಡುಗ ರಜೆ ಹಾಕಿದ ದಿನ ಅದನ್ನ ನೋಡೋರು ಯಾರು?" ಈ ಮಾತಿಗೆ ತೂಕವಿತ್ತು, ಸಭೆಯಲ್ಲಿ ಯಾರೂ ಸರಿಯಾದ ಉತ್ತರ ಕೊಡಲಿಲ್ಲ.

ಮೂರನೆಯದು ಆಡಳಿತ ಮಂಡಳಿಯ ಕಡೆಯಿಂದ ಬಂದದ್ದು, ದೊಡ್ಡ ಯಂತ್ರ ತೆಗೆದುಕೊಳ್ಳೋಣ ಎಂಬುದು. ಸಿಪಿಯು ಖಾಲಿ ಕೂತಿದ್ದಾಗ ಇನ್ನಷ್ಟು ಸಿಪಿಯು ತಂದು ಮಾಡುವುದೇನು? ಅದನ್ನು ಬೇಗ ಬಿಟ್ಟೆವು.

ಗಮನಿಸಬೇಕಾದ್ದೆಂದರೆ, ವೆಬ್ ಸರ್ವರ್ ಬೇಕೆಂದವರಾಗಲಿ ಬೇಡವೆಂದವರಾಗಲಿ, ಥ್ರೆಡ್‌ಗಳು ಯಾರಿಗಾಗಿ ಕಾಯುತ್ತಿವೆ ಎಂದು ನೋಡಿರಲಿಲ್ಲ. ನಾನು ಅಡ್ಮಿನ್‌ಗೆ ಹಳೆಯ ಡಂಪ್ ತೆರೆಯಲು ಹೇಳಿದೆ.

ಡಂಪಿನ ಕೊನೆಯ ಪುಟಗಳು

ಮೊದಲ ದಿನದ ಡಂಪಿನಲ್ಲಿ 200 ಥ್ರೆಡ್. ಬಹುತೇಕ ಎಲ್ಲವೂ ಕನೆಕ್ಷನ್‌ಗಾಗಿ ಕಾಯುತ್ತಿದ್ದವು. ಡೆವಲಪರ್ ನೋಡಿದ್ದು ಇವನ್ನೇ. ಆದರೆ ಪೂಲಿನಲ್ಲಿದ್ದ 10 ಕನೆಕ್ಷನ್ ಯಾರ ಕೈಯಲ್ಲಿದ್ದವು? ಕೆಳಕ್ಕೆ ಇಳಿದು ಇಳಿದು ಹುಡುಕಿದಾಗ ಬೇರೆ ಬಗೆಯ 10 ಥ್ರೆಡ್ ಸಿಕ್ಕವು. ಅವು ಡೇಟಾಬೇಸ್‌ನಲ್ಲಿ ಇರಲೇ ಇಲ್ಲ. ಹತ್ತೂ ಅಂಕಪಟ್ಟಿ ಡೌನ್‌ಲೋಡ್ ಮಾಡಿಸುವ ಕೋಡಿನೊಳಗೆ, ಅದರ ಕಟ್ಟಕಡೆಯ ಹಂತದಲ್ಲಿ, ಸಾಕೆಟ್‌ಗೆ ಬೈಟ್‌ಗಳನ್ನು ಬರೆಯುತ್ತ ನಿಂತಿದ್ದವು. ಅಂದರೆ ವಿದ್ಯಾರ್ಥಿಯ ಫೋನ್ ಪಿಡಿಎಫ್‌ನ ಮುಂದಿನ ತುಣುಕನ್ನು ಎಳೆದುಕೊಳ್ಳಲಿ ಎಂದು ಕಾಯುತ್ತಿದ್ದವು.

ಅಲ್ಲಿಗೆ ಚಿತ್ರ ಸ್ಪಷ್ಟವಾಯಿತು. ಫಲಿತಾಂಶ ಬರುವ ಹೊತ್ತಿಗೆ ವಿದ್ಯಾರ್ಥಿಗಳು ರಜೆಯಲ್ಲಿರುತ್ತಾರೆ, ತಮ್ಮ ತಮ್ಮ ಊರಿನಿಂದ ಫೋನಿನಲ್ಲಿ ನೋಡುತ್ತಾರೆ. ಮಲೆನಾಡಿನ ಯಾವುದೋ ತಿರುವಿನಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದುಕೊಂಡು ಡೌನ್‌ಲೋಡ್ ಒತ್ತಿದವನಿಗೆ ಸೆಕೆಂಡಿಗೆ ಐದು ಕೆಬಿ ಬಂದರೆ ಹೆಚ್ಚು. ಅಂಕಪಟ್ಟಿಯ ಪಿಡಿಎಫ್ ಇದ್ದದ್ದು ಸುಮಾರು ಮೂರು ಎಂಬಿ. ಒಂದು ಡೌನ್‌ಲೋಡಿಗೆ ಹತ್ತು ನಿಮಿಷ. ಹನಿ ಹನಿಯಾಗಿಯಾದರೂ ಹೋಗುತ್ತಿರುವವರೆಗೆ ಟಾಮ್‌ಕ್ಯಾಟ್‌ನ ಟೈಮ್‌ಔಟ್ ಮಧ್ಯೆ ಬರುವುದಿಲ್ಲ. ಹೊಸ ಕನೆಕ್ಟರ್ ಕೂಡ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಸುಮ್ಮನಿರುವ ಸಂಪರ್ಕವನ್ನು ಅದು ಥ್ರೆಡ್ ಇಲ್ಲದೆ ನಿಭಾಯಿಸುತ್ತದೆ ನಿಜ, ಆದರೆ ಸಾಮಾನ್ಯ ರೀತಿಯ ಸರ್ವ್‌ಲೆಟ್ ಕೋಡ್ (ಟಾಮ್‌ಕ್ಯಾಟ್‌ನೊಳಗೆ ಓಡುವ ಜಾವಾ ಕೋಡ್) ಉತ್ತರ ಬರೆಯುವಾಗ ಬರೆದು ಮುಗಿಯುವವರೆಗೆ ಥ್ರೆಡ್ ಅಲ್ಲೇ ಇರಬೇಕು.

ಆದರೂ 10 ಥ್ರೆಡ್ ಹೋದರೆ 190 ಉಳಿಯಬೇಕಿತ್ತಲ್ಲ? ಇಲ್ಲಿ ಇನ್ನೊಂದು ಕೊಂಡಿ ಇದೆ. ಸ್ಪ್ರಿಂಗ್ ಬೂಟ್‌ನಲ್ಲಿ ಓಪನ್-ಇನ್-ವ್ಯೂ ಎಂಬ ಸೆಟ್ಟಿಂಗ್ ತಾನಾಗಿ ಚಾಲೂ ಇರುತ್ತದೆ. ಅದು ಇದ್ದರೆ ವಿನಂತಿ ಬಂದು ಉತ್ತರ ಹೋಗಿ ಮುಗಿಯುವವರೆಗೆ ಡೇಟಾಬೇಸ್ ಸೆಷನ್ ತೆರೆದೇ ಇರುತ್ತದೆ. ಮೊದಲ ಕ್ವೆರಿಗೆ ಹಿಡಿದ ಕನೆಕ್ಷನ್ ಕೊನೆಯ ಬೈಟ್ ಹೋಗುವವರೆಗೆ ಬಿಡುಗಡೆಯಾಗುವುದಿಲ್ಲ. ಅಂಕಗಳನ್ನು ಓದಲು ಬೇಕಾದದ್ದು ಕೆಲವೇ ಮಿಲಿಸೆಕೆಂಡ್, ಕನೆಕ್ಷನ್ ಹಿಡಿದಿಟ್ಟುಕೊಂಡದ್ದು ಹತ್ತು ನಿಮಿಷ. ಮೈಎಸ್‌ಕ್ಯೂಎಲ್ ಕಡೆ ಪ್ರಕ್ರಿಯೆಗಳ ಪಟ್ಟಿ ನೋಡಿದ್ದರೆ ಎಲ್ಲ ಕನೆಕ್ಷನ್ನೂ ನಿದ್ದೆ ಮಾಡುತ್ತಿರುವುದು ಕಾಣುತ್ತಿತ್ತು. ಹತ್ತು ನಿಧಾನ ಫೋನ್‌ಗಳು ಸೇರಿ ಇಡೀ ಕಾಲೇಜಿನ ಪೋರ್ಟಲ್ ನಿಲ್ಲಿಸಬಹುದಿತ್ತು. ಪೂಲನ್ನು 50 ಮಾಡಿದಾಗ ಅದಕ್ಕೆ ಐವತ್ತು ಫೋನ್ ಬೇಕಾಯಿತು, ವ್ಯತ್ಯಾಸ ಅಷ್ಟೇ.

ಈ ಸೆಟ್ಟಿಂಗ್ ಚಾಲೂ ಇದೆ ಎಂದು ಸ್ಪ್ರಿಂಗ್ ಬೂಟ್ ಪ್ರತಿ ಸಲ ಶುರುವಾಗುವಾಗಲೂ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ. ಲಾಗ್ ತೆರೆದು ನೋಡಿದೆವು, ಆ ಸಾಲು ಪ್ರತಿ ರೀಸ್ಟಾರ್ಟ್‌ನಲ್ಲೂ ಇತ್ತು.

ನಿಧಾನ ಫೋನನ್ನು ಕೃತಕವಾಗಿ ಮಾಡಿದ್ದು

ಊಹೆಯ ಮೇಲೆ ತೀರ್ಮಾನ ಬೇಡವೆಂದು ಪರೀಕ್ಷಾ ಯಂತ್ರದಲ್ಲಿ ಇದನ್ನು ಮರುಸೃಷ್ಟಿಸಿದೆವು. ಕರ್ಲ್ ಎಂಬ ಸಾಧನಕ್ಕೆ ಡೌನ್‌ಲೋಡ್ ವೇಗಕ್ಕೆ ಮಿತಿ ಹಾಕುವ ಆಯ್ಕೆಯಿದೆ. ಒಂದು ಲ್ಯಾಪ್‌ಟಾಪಿನಿಂದ ಸೆಕೆಂಡಿಗೆ ಐದು ಕೆಬಿಯ ಮಿತಿ ಹಾಕಿ ಹತ್ತು ಡೌನ್‌ಲೋಡ್ ಒಟ್ಟಿಗೆ ಶುರು ಮಾಡಿದೆವು, ಪೂಲನ್ನು ಮತ್ತೆ 10ಕ್ಕೆ, ಥ್ರೆಡ್‌ಗಳನ್ನು 200ಕ್ಕೆ ಇಳಿಸಿ. ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಲಾಗಿನ್ ಒತ್ತಿದರೆ ಅದೇ ಸುತ್ತುವ ಚಕ್ರ. ನಮಗೆ ಸಾವಿರಾರು ಬಳಕೆದಾರರನ್ನು ಅನುಕರಿಸುವ ಭಾರೀ ಪರೀಕ್ಷೆ ಬೇಕಾಗಲೇ ಇಲ್ಲ. ಲೋಡ್ ಟೆಸ್ಟ್ ಎಂದರೆ ಎಲ್ಲರೂ ವೇಗದ ನೆಟ್‌ವರ್ಕಿನಿಂದ ಸಾವಿರಾರು ವಿನಂತಿ ಸುರಿಯುತ್ತಾರೆ. ಈ ಪೋರ್ಟಲ್ ಆ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು.

ಬಳಿಕ ಒಂದೊಂದನ್ನೇ ಬದಲಿಸಿ ನೋಡಿದೆವು. ಓಪನ್-ಇನ್-ವ್ಯೂ ಬಂದ್ ಮಾಡಿ, ಅದರಿಂದ ಒಡೆದ ಕೆಲವು ಪುಟಗಳನ್ನು ಸರಿಪಡಿಸಿದ ಮೇಲೆ ಹತ್ತು ನಿಧಾನ ಡೌನ್‌ಲೋಡ್‌ಗಳು ಏನೂ ಮಾಡಲಿಲ್ಲ. ಇನ್ನೂರಕ್ಕೆ ಏರಿಸಿದಾಗ ಥ್ರೆಡ್‌ಗಳೇ ಮುಗಿದು ಮತ್ತೆ ನಿಂತಿತು. ಆಮೇಲೆ ಮೂಲ ಕೋಡನ್ನೇ ಇಟ್ಟು ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿ ನೋಡಿದೆವು. ಏನೂ ತಿದ್ದದ ಕೋಡ್, 10ರ ಪೂಲ್, ಇನ್ನೂರು ನಿಧಾನ ಡೌನ್‌ಲೋಡ್: ಮೊದಲ ಕೆಲವು ಕ್ಷಣ ತಡವರಿಸಿ, ಆಮೇಲೆ ಲಾಗಿನ್ ಪುಟ ಥಟ್ಟನೆ ತೆರೆಯಿತು.

ಇದು ಹೇಗೆ ಎಂಬುದು ಈ ಪ್ರಶ್ನೆಯ ತಿರುಳು. ಎಂಜಿನ್‌ಎಕ್ಸ್ ಸಹಜ ಸ್ಥಿತಿಯಲ್ಲೇ ತನ್ನ ಹಿಂದಿರುವ ಸರ್ವರ್ (ಇಲ್ಲಿ ಟಾಮ್‌ಕ್ಯಾಟ್) ಕೊಡುವ ಉತ್ತರವನ್ನು ತಾನು ತುಂಬಿಕೊಳ್ಳುತ್ತದೆ, ಮೆಮೊರಿ ಸಾಲದಿದ್ದರೆ ತಾತ್ಕಾಲಿಕ ಫೈಲಿಗೆ ಹಾಕುತ್ತದೆ. ಅದೇ ಯಂತ್ರದೊಳಗಿನ ಸಂಪರ್ಕವಾದ್ದರಿಂದ ಟಾಮ್‌ಕ್ಯಾಟ್ ಮೂರು ಎಂಬಿಯನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹತ್ತು ನಿಮಿಷ ಫೋನಿಗೆ ಹನಿಸುವ ಕೆಲಸ ಎಂಜಿನ್‌ಎಕ್ಸ್‌ನದು. ಅದು ಸಂಪರ್ಕಕ್ಕೊಂದು ಥ್ರೆಡ್ ಇಡುವುದಿಲ್ಲ, ಬೆರಳೆಣಿಕೆಯ ವರ್ಕರ್‌ಗಳೇ ಸಾವಿರಾರು ಸಂಪರ್ಕಗಳನ್ನು ನೋಡಿಕೊಳ್ಳುತ್ತವೆ. ಅಡಿಗೆ ಭಟ್ಟರೇ ಪ್ರತಿ ಎಲೆಯ ಮುಂದೆ ಉಂಡು ಏಳುವವರೆಗೆ ನಿಂತರೆ ಒಲೆ ನೋಡುವವರಿಲ್ಲ. ಬಡಿಸುವವರು ಬೇರೆ ಇರಬೇಕು.

ಹಾಗಾದರೆ ಎಂಜಿನ್‌ಎಕ್ಸ್ ಒಂದೇ ಸಾಕಿತ್ತಲ್ಲ ಎಂದು ಡೆವಲಪರ್ ಕೇಳಿದರು. ಲಕ್ಷಣದ ಮಟ್ಟಿಗೆ ಸಾಕಿತ್ತು. ಆದರೂ ಕೋಡನ್ನೂ ತಿದ್ದಲೇಬೇಕೆಂದು ನಾನು ಪಟ್ಟು ಹಿಡಿದೆ. ಕನೆಕ್ಷನ್ ಹಿಡಿದು ಕೂರುವ ಕೋಡ್ ನಾಳೆ ಎಸ್‌ಎಂಎಸ್ ಕಳುಹಿಸುವ ಸೇವೆಗೋ ಪೇಮೆಂಟ್ ಗೇಟ್‌ವೇಗೋ ಕಾಯುತ್ತ ಇದೇ ಆಟ ಆಡುತ್ತದೆ. ಆ ಕಾಯುವಿಕೆ ಹಿಂದಿನ ದಿಕ್ಕಿನದು, ಮುಂದಿರುವ ಯಾವ ವೆಬ್ ಸರ್ವರ್ ಕೂಡ ಅದನ್ನು ತಡೆಯಲಾರದು.

ಮೂರು ಎಂಬಿ ಯಾಕೆ?

ಒಂದು ಪುಟದ ಅಂಕಪಟ್ಟಿ ಮೂರು ಎಂಬಿ ಇರುವುದೇಕೆ ಎಂದು ಕೇಳಿದವರು ಪರೀಕ್ಷಾ ವಿಭಾಗದ ಮೇಡಂ, ತಾಂತ್ರಿಕರಾದ ನಾವ್ಯಾರೂ ಅಲ್ಲ. ಪಿಡಿಎಫ್ ಬಿಚ್ಚಿ ನೋಡಿದರೆ ಕಾಲೇಜಿನ ಲಾಂಛನ ಮತ್ತು ಸಹಿಯ ಚಿತ್ರಗಳು ಸ್ಕ್ಯಾನರಿನಿಂದ ಬಂದ ಪೂರ್ಣ ಗಾತ್ರದಲ್ಲಿ ಕೂತಿದ್ದವು. ಹೆಬ್ಬೆರಳಿನಷ್ಟಗಲ ಕಾಣುವ ಲಾಂಛನಕ್ಕೆ ಗೋಡೆಗೆ ಹಾಕುವ ಫ್ಲೆಕ್ಸ್‌ಗಾಗುವಷ್ಟು ಚುಕ್ಕಿಗಳಿದ್ದವು. ಚಿಕ್ಕದು ಮಾಡಲು ಮೇಡಂ ಮೊದಲು ಒಪ್ಪಲಿಲ್ಲ. ಮುದ್ರಿಸಿದಾಗ ಲಾಂಛನ ಮಬ್ಬಾದರೆ ಅಂಕಪಟ್ಟಿಯ ಮೇಲೆ ಅನುಮಾನ ಬರುತ್ತದೆ, ಉದ್ಯೋಗದ ಸಂದರ್ಶನಕ್ಕೆ ಒಯ್ಯುವ ಕಾಗದ ಅದು ಎಂದರು. ಇಂಚಿಗೆ 300 ಚುಕ್ಕಿಗಳ ಚಿತ್ರ ಹಾಕಿದ ಒಂದು ಪ್ರತಿ, ಹಳೆಯದರ ಒಂದು ಪ್ರತಿ ಪ್ರಿಂಟ್ ತೆಗೆದು ಅವರ ಮುಂದಿಟ್ಟೆವು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಕೊನೆಗೆ "ಇದರಲ್ಲಿ ಹೊಸದು ಯಾವುದು?" ಎಂದು ಕೇಳಿದರು. ಆಮೇಲೆ ಆಕ್ಷೇಪ ಇರಲಿಲ್ಲ. ಫೈಲ್ ಇನ್ನೂರು ಕೆಬಿಯ ಆಸುಪಾಸಿಗೆ ಇಳಿಯಿತು. ಹತ್ತು ನಿಮಿಷದ ಡೌನ್‌ಲೋಡ್ ಅದೇ ಸಿಗ್ನಲ್ಲಿನಲ್ಲಿ ಮುಕ್ಕಾಲು ನಿಮಿಷಕ್ಕೆ ಬಂತು. ಇಡೀ ಪ್ರಕರಣದಲ್ಲಿ ವಿದ್ಯಾರ್ಥಿಗಳಿಗೆ ನೇರವಾಗಿ ಒಳ್ಳೆಯದಾದದ್ದು ಈ ತಿದ್ದುಪಡಿಯಿಂದ, ಯಾವ ಸರ್ವರಿನಿಂದಲೂ ಅಲ್ಲ ಎಂದೇ ನನ್ನ ಅಭಿಪ್ರಾಯ.

ಕೊನೆಗೆ ಎಂಜಿನ್‌ಎಕ್ಸ್ ಇಟ್ಟದ್ದು ಯಾಕೆ

ಕೋಡ್ ಸರಿಯಾಯಿತು, ಫೈಲ್ ಚಿಕ್ಕದಾಯಿತು. ಈಗ ಮುಂದಿನ ಸರ್ವರ್ ಬೇಕೇ ಎಂಬ ಪ್ರಶ್ನೆ ಮತ್ತೆ ತೆರೆಯಿತು. ಬೇಡವೆಂದು ಬಿಡಬಹುದಿತ್ತು ಕೂಡ. ಇಟ್ಟದ್ದು ಮುಖ್ಯವಾಗಿ ಎರಡು ಕಾರಣಕ್ಕೆ.

ಮೊದಲನೆಯದು ಅಂಕಪಟ್ಟಿಗಳನ್ನು ಹಿಂದಿನ ರಾತ್ರಿಯೇ ತಯಾರಿಸಿಡುವ ಯೋಚನೆ. ಪ್ರತಿ ಕ್ಲಿಕ್ಕಿಗೂ ಪಿಡಿಎಫ್ ಹುಟ್ಟಿಸುವುದು ವ್ಯರ್ಥ, ಅಂಕಗಳು ಆ ಸಂಜೆ ಬದಲಾಗುವುದಿಲ್ಲ. ಆದರೆ ಫೈಲ್‌ಗಳನ್ನು ನೇರವಾಗಿ ತೆರೆದಿಟ್ಟರೆ ಒಬ್ಬರದನ್ನು ಇನ್ನೊಬ್ಬರು ನೋಡಬಹುದು. ಎಂಜಿನ್‌ಎಕ್ಸ್‌ನಲ್ಲಿ ಎಕ್ಸ್-ಆಕ್ಸೆಲ್-ರಿಡೈರೆಕ್ಟ್ ಎಂಬ ಅನುಕೂಲವಿದೆ. ಈ ವಿದ್ಯಾರ್ಥಿಗೆ ಈ ಫೈಲ್ ನೋಡುವ ಹಕ್ಕಿದೆಯೇ ಎಂದು ಅಪ್ಲಿಕೇಶನ್ ಪರಿಶೀಲಿಸಿ, ಫೈಲಿನ ಬದಲು ಅದರ ಒಳ ವಿಳಾಸವನ್ನು ಮಾತ್ರ ಒಂದು ಹೆಡರ್‌ನಲ್ಲಿ (ಉತ್ತರದ ಜೊತೆ ಹೋಗುವ ಮಾಹಿತಿಯ ಸಾಲು) ಬರೆದು ಕಳುಹಿಸುತ್ತದೆ. ಫೈಲ್ ಕೊಡುವುದು ಎಂಜಿನ್‌ಎಕ್ಸ್. ಆ ಒಳ ವಿಳಾಸಕ್ಕೆ ಹೊರಗಿನಿಂದ ಯಾರೂ ನೇರವಾಗಿ ಬರಲಾಗದಂತೆ ಗುರುತು ಹಾಕಬೇಕು. ತೀರ್ಮಾನ ಅಪ್ಲಿಕೇಶನ್‌ನದು, ಹೊರುವ ಕೆಲಸ ವೆಬ್ ಸರ್ವರ್‌ನದು ಎಂಬ ಈ ವಿಭಜನೆ ನನಗೆ ಬಹಳ ಇಷ್ಟವಾದದ್ದು.

ಎರಡನೆಯದು ಎಚ್‌ಟಿಟಿಪಿಎಸ್ ಪ್ರಮಾಣಪತ್ರ. ಅವರು ಬಳಸುತ್ತಿದ್ದದ್ದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸೇವೆಯ 90 ದಿನದ ಪ್ರಮಾಣಪತ್ರ. ಪ್ರತಿ ನವೀಕರಣಕ್ಕೂ ಅದನ್ನು ಜಾವಾಕ್ಕೆ ಬೇಕಾದ ರೂಪಕ್ಕೆ ಪರಿವರ್ತಿಸಿ ಅಪ್ಲಿಕೇಶನ್ ರೀಸ್ಟಾರ್ಟ್ ಮಾಡುತ್ತಿದ್ದರು. ಎಂಜಿನ್‌ಎಕ್ಸ್ ಇದ್ದರೆ ಸಂಪರ್ಕ ಕಡಿಯದೆ ರೀಲೋಡ್ ಆಗುತ್ತದೆ, ಯಾರೂ ಕೈ ಹಾಕಬೇಕಿಲ್ಲ.

ಬೇರೆ ಯಂತ್ರ ಬೇಡ, ಅದೇ ಯಂತ್ರದಲ್ಲಿ ಇರಲಿ ಎಂದು ತೀರ್ಮಾನವಾಯಿತು. ಅಪ್ಲಿಕೇಶನ್ 127.0.0.1 ಎಂಬ, ಅದೇ ಯಂತ್ರದೊಳಗಿನ ವಿಳಾಸದ 8080 ಪೋರ್ಟಿನಲ್ಲಿ ಮಾತ್ರ ಕೇಳಬೇಕು, ಹೊರಗಿನಿಂದ ಅದಕ್ಕೆ ದಾರಿ ಇರಬಾರದು. ರಜೆ ಹಾಕಿದ ದಿನ ನೋಡುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಬೇಕಿತ್ತು. ಸೆಟ್ಟಿಂಗ್ ಫೈಲನ್ನು ಅಪ್ಲಿಕೇಶನ್ ಕೋಡಿನ ಜೊತೆಗೇ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ) ಇಡುವುದು, ಡೆವಲಪರ್ ತಂಡದ ಒಬ್ಬರು ಅದನ್ನು ಕಲಿಯುವುದು ಎಂಬ ಷರತ್ತಿನ ಮೇಲೆ ಹಿರಿಯ ಡೆವಲಪರ್ ಒಪ್ಪಿಕೊಂಡರು.

ಹೊಸ ಪದರ ತಂದ ತೊಂದರೆಗಳು

ಅವರ ಆತಂಕ ಸುಳ್ಳಾಗಲಿಲ್ಲ. ಚಾಲೂ ಮಾಡಿದ ಮರುದಿನ ಬೆಳಿಗ್ಗೆ ಯಾರಿಗೂ ಲಾಗಿನ್ ಆಗುತ್ತಿಲ್ಲ ಎಂದು ಫೋನ್. ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದ ಐಪಿ ವಿಳಾಸವನ್ನು ಅಪ್ಲಿಕೇಶನ್ ತಡೆಹಿಡಿಯುತ್ತಿತ್ತು. ಎಂಜಿನ್‌ಎಕ್ಸ್ ಬಂದ ಮೇಲೆ ಅಪ್ಲಿಕೇಶನ್ನಿನ ಕಣ್ಣಿಗೆ ಎಲ್ಲರೂ 127.0.0.1ರಿಂದಲೇ ಬರುತ್ತಿದ್ದರು. ಯಾರೋ ಐದು ತಪ್ಪು ಮಾಡಿದರು, ಇಡೀ ಕಾಲೇಜಿಗೆ ಬೀಗ ಬಿತ್ತು. ಮೂಲ ವಿಳಾಸವನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನಲ್ಲಿ ಕಳುಹಿಸಿ, ಅದನ್ನು ನಂಬಬೇಕೆಂದು ಸ್ಪ್ರಿಂಗ್ ಬೂಟ್‌ಗೂ ಒಂದು ಸಾಲಿನಲ್ಲಿ ಹೇಳಿದ ಮೇಲೆ ಸರಿಹೋಯಿತು. 8080 ಹೊರಗೆ ತೆರೆದಿರಬಾರದು ಎಂಬ ನಿಯಮಕ್ಕೆ ಇಲ್ಲೂ ಮಹತ್ವವಿದೆ: ನೇರವಾಗಿ ಬರಲು ಸಾಧ್ಯವಾದರೆ ಆ ಹೆಡರನ್ನು ಯಾರು ಬೇಕಾದರೂ ಸುಳ್ಳು ಬರೆದು ಕಳುಹಿಸಬಹುದು. ಐಪಿ ಮೇಲೆ ಬೀಗ ಹಾಕುವ ಪದ್ಧತಿಯನ್ನೇ ಮುಂದೆ ಬಿಟ್ಟುಬಿಟ್ಟೆವು. ಮೊಬೈಲ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ಎಷ್ಟೋ ಗ್ರಾಹಕರಿಗೆ ಹಂಚುತ್ತವೆ, ಒಬ್ಬನ ತಪ್ಪಿಗೆ ಮತ್ತೊಬ್ಬ ದಂಡ ತೆರಬಾರದು. ಬೀಗ ಈಗ ಖಾತೆಯ ಮೇಲೆ ಮಾತ್ರ.

ಮರುಮೌಲ್ಯಮಾಪನದ ಅರ್ಜಿಗೆ ಸ್ಕ್ಯಾನ್ ಪ್ರತಿ ಸೇರಿಸುವಾಗ 413 ಎಂಬ ದೋಷ ಬಂದದ್ದು ಚಿಕ್ಕ ವಿಷಯ. ಎಂಜಿನ್‌ಎಕ್ಸ್ ತಾನಾಗಿ ಒಂದು ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ, ಆ ಒಂದು ವಿಳಾಸಕ್ಕೆ ಮಿತಿ ಏರಿಸಿದೆವು.

ಮೂರನೆಯದು ಗಂಭೀರ. ಪರೀಕ್ಷಾ ವಿಭಾಗದ ಗುಮಾಸ್ತರು ಎಕ್ಸೆಲ್‌ನಿಂದ ಒಂದು ವಿಷಯದ ಅಂಕಗಳನ್ನು ಒಟ್ಟಿಗೆ ಪೋರ್ಟಲ್‌ಗೆ ಅಪ್‌ಲೋಡ್ ಮಾಡುತ್ತಿದ್ದರು. ದೊಡ್ಡ ವಿಷಯಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಎಂಜಿನ್‌ಎಕ್ಸ್ ಹಿಂದಿನ ಸರ್ವರಿಗಾಗಿ 60 ಸೆಕೆಂಡ್ ಕಾದು 504 ತೋರಿಸಿತು. ಅವರು ಆಗಲಿಲ್ಲವೆಂದು ಮತ್ತೆ ಒತ್ತಿದರು. ಮುಂದಿನ ಸರ್ವರ್ ಕೈಬಿಟ್ಟರೂ ಹಿಂದಿನ ಅಪ್ಲಿಕೇಶನ್ ತನ್ನ ಕೆಲಸ ನಿಲ್ಲಿಸುವುದಿಲ್ಲ. "ಮೇಡಂ, ಈ ವಿಷಯದಲ್ಲಿ ಎಲ್ಲಾ ಎರಡೆರಡು ಸಲ ಬಂದಿದೆ" ಎಂದು ಅವರೇ ಗಮನಿಸಿ ಹೇಳಿದ್ದರಿಂದ ಪ್ರಕಟಣೆಗೆ ಮೊದಲೇ ಸಿಕ್ಕಿತು. ಟೈಮ್‌ಔಟನ್ನು ಹತ್ತು ನಿಮಿಷಕ್ಕೆ ಏರಿಸಿಬಿಡೋಣ ಎಂಬುದು ಎಲ್ಲರ ಮೊದಲ ಮಾತು. ನಾವು ಹಾಗೆ ಮಾಡಲಿಲ್ಲ. ಫೈಲ್ ಸ್ವೀಕರಿಸಿದ ಕೂಡಲೇ "ತಲುಪಿದೆ, ಸಂಸ್ಕರಿಸುತ್ತಿದ್ದೇವೆ" ಎಂದು ಉತ್ತರಿಸಿ ಹಿನ್ನೆಲೆಯಲ್ಲಿ ಅಂಕಗಳನ್ನು ದಾಖಲಿಸುವಂತೆ ಡೆವಲಪರ್ ಬದಲಿಸಿದರು, ಅದೇ ಫೈಲ್ ಎರಡನೇ ಸಲ ಬಂದರೆ ತಿರಸ್ಕರಿಸುವಂತೆಯೂ. ಇದು ಹಿಂದಿನಿಂದಲೂ ಇದ್ದ ಅಪಾಯ, ಹೊಸ ಪದರ ಅದನ್ನು ಹೊರಗೆ ತಂದಿತು.

ಮುಂದಿನ ಫಲಿತಾಂಶ

ಮುಂದಿನ ಸೆಮಿಸ್ಟರಿನ ಫಲಿತಾಂಶದ ಸಂಜೆ ಪೋರ್ಟಲ್ ನಿಲ್ಲಲಿಲ್ಲ. ಪೂಲ್ ಮತ್ತೆ 10ಕ್ಕೆ, ಥ್ರೆಡ್‌ಗಳು 200ಕ್ಕೆ ಬಂದಿದ್ದವು. ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಎರಡು ಸಮಯಗಳನ್ನು ಅಕ್ಕಪಕ್ಕ ಬರೆಸಿದ್ದೆವು: ಇಡೀ ವಿನಂತಿಗೆ ಹಿಡಿದದ್ದು ಮತ್ತು ಹಿಂದಿನ ಅಪ್ಲಿಕೇಶನ್ ತೆಗೆದುಕೊಂಡದ್ದು. ಒಂದು ಸಾಲಿನಲ್ಲಿ ಎರಡನೆಯದು ಸೆಕೆಂಡಿನ ನೂರರಲ್ಲಿ ಮೂರು ಭಾಗ, ಮೊದಲನೆಯದು ಒಂದೂವರೆ ನಿಮಿಷ. ಆ ಅಂತರದಲ್ಲಿ ಎಲ್ಲೋ ಒಬ್ಬ ವಿದ್ಯಾರ್ಥಿಯ ದುರ್ಬಲ ಸಿಗ್ನಲ್ ಇದೆ, ಹಿಂದಾಗಿದ್ದರೆ ಅಷ್ಟು ಹೊತ್ತೂ ಒಂದು ಥ್ರೆಡ್ ಮತ್ತು ಒಂದು ಕನೆಕ್ಷನ್ ಅಲ್ಲಿ ಸಿಕ್ಕಿಕೊಂಡಿರುತ್ತಿತ್ತು.

ಇದೇ ರೀತಿಯ ತೀರ್ಮಾನದ ಮುಂದೆ ನಿಂತವರಿಗೆ ನಾನು ಹೇಳಬಯಸುವುದು ಇದು. ವೆಬ್ ಸರ್ವರ್ ಮುಂದಿಟ್ಟರೆ ವೇಗ ಬರುತ್ತದೆ ಎಂದು ಇಡಬೇಡಿ. ನಿಮ್ಮ ಥ್ರೆಡ್‌ಗಳು ಎಲ್ಲಿ ನಿಂತಿವೆ ಎಂದು ಮೊದಲು ನೋಡಿ. ಅವು ಡೇಟಾಬೇಸ್‌ಗೋ ಇನ್ನೊಂದು ಸೇವೆಗೋ ಕಾಯುತ್ತಿದ್ದರೆ ಮುಂದಿನ ಪದರ ದೋಷದ ಪುಟವನ್ನು ಬದಲಿಸುತ್ತದೆ, ಬೇರೇನೂ ಆಗುವುದಿಲ್ಲ. ಗ್ರಾಹಕರ ನಿಧಾನ ಸಂಪರ್ಕಕ್ಕೆ ಕಾಯುತ್ತಿದ್ದರೆ ಅದು ನಿಜವಾದ ಪರಿಹಾರ. ಈ ಲೆಕ್ಕ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಕೂಡ. 2023ರಲ್ಲಿ ಬಂದ ಜಾವಾ 21ರ ವರ್ಚುವಲ್ ಥ್ರೆಡ್‌ಗಳಲ್ಲಿ, ಕಾಯುತ್ತ ಕೂತ ಥ್ರೆಡ್ ಬಹಳ ಅಗ್ಗ. ಸ್ಪ್ರಿಂಗ್ ಬೂಟ್ 3.2ರಿಂದ ಅದನ್ನು ಒಂದು ಸೆಟ್ಟಿಂಗಿನಲ್ಲಿ ಚಾಲೂ ಮಾಡಬಹುದು. ಆಗ ನಿಧಾನ ಫೋನ್ ಎಂಬ ಕಾರಣದ ಬಲ ಕುಗ್ಗುತ್ತದೆ. ಕನೆಕ್ಷನ್ ಹಿಡಿದು ಕೂರುವ ಕೋಡ್ ಮಾತ್ರ ಆಗಲೂ ಅಷ್ಟೇ ದುಬಾರಿ.

ಎಲ್ಲವೂ ಮುಗಿದಿಲ್ಲ. ಅಪ್ಲಿಕೇಶನ್ ಇನ್ನೂ ಒಂದೇ ಪ್ರತಿಯಲ್ಲಿ ಓಡುತ್ತಿದೆ, ಹೊಸ ಆವೃತ್ತಿ ಹಾಕುವಾಗ ಸ್ವಲ್ಪ ಹೊತ್ತು 502 ದೋಷ (ಹಿಂದಿರುವ ಸರ್ವರ್ ಸಿಗುತ್ತಿಲ್ಲ ಎಂಬುದು) ಬರುತ್ತದೆ. ಆ ಹೊತ್ತಿಗೆ "ಕೆಲವು ನಿಮಿಷ ಬಿಟ್ಟು ಬನ್ನಿ" ಎಂಬ ಸಾದಾ ಪುಟ ತೋರಿಸುತ್ತಿದ್ದೇವೆ. ಎರಡು ಪ್ರತಿ ಓಡಿಸಬೇಕಾದರೆ ಮೆಮೊರಿಯಲ್ಲಿರುವ ಲಾಗಿನ್ ಸೆಷನ್‌ಗಳನ್ನು ಹೊರಗೆ ಸಾಗಿಸಬೇಕು, ಅದನ್ನು ಮುಂದಕ್ಕೆ ಹಾಕಿದ್ದಾರೆ.

ಅದೇ ಕಾಲೇಜಿನಲ್ಲಿ ಸಿಬ್ಬಂದಿಯ ರಜೆ ಅರ್ಜಿಗೆ ಇನ್ನೊಂದು ಚಿಕ್ಕ ಅಪ್ಲಿಕೇಶನ್ ಇದೆ, ಅದೂ ಸ್ಪ್ರಿಂಗ್ ಬೂಟ್. ಅದರ ಮುಂದೆಯೂ ಎಂಜಿನ್‌ಎಕ್ಸ್ ಹಾಕೋಣವೇ ಎಂದು ಅಡ್ಮಿನ್ ಕೇಳಿದ. ಬಳಸುವವರು ಕ್ಯಾಂಪಸ್ಸಿನ ಒಳಗಿನ ನೆಟ್‌ವರ್ಕಿನವರು, ದೊಡ್ಡ ಫೈಲ್ ಇಲ್ಲ, ಹೊರಗೆ ತೆರೆದೂ ಇಲ್ಲ. ಅದನ್ನು ಟಾಮ್‌ಕ್ಯಾಟ್ ಮೇಲೆಯೇ, ಇದ್ದ ಹಾಗೆಯೇ ಬಿಟ್ಟೆವು. ಓಪನ್-ಇನ್-ವ್ಯೂ ಮಾತ್ರ ಅಲ್ಲೂ ಬಂದ್ ಮಾಡಿದ.